ಕರಾವಳಿಯ ಬಿಸಿಲು, ಮಳೆ, ಉಪ್ಪುಗಾಳಿಗೆ ತಡೆಯುವ ಲೇಬಲ್: ಆರಿಸುವುದು ಹೇಗೆ, ಅಂಟಿಸುವುದು ಹೇಗೆ

ಪಂಪ್ ಶೆಡ್ಡಿನ ಸ್ಟಾರ್ಟರ್ ಪೆಟ್ಟಿಗೆಗೆ, ತಾರಸಿಯ ನೀರಿನ ಟ್ಯಾಂಕಿಗೆ, ನರ್ಸರಿಯ ಕಸಿ ಗಿಡಗಳಿಗೆ, ಮಲ್ಪೆ ಬಂದರಿನಲ್ಲಿ ಮೀನು ತುಂಬುವ ಕ್ರೇಟುಗಳಿಗೆ ಹಚ್ಚಿದ ಲೇಬಲ್ ಒಂದು ಮಳೆಗಾಲವನ್ನೂ ದಾಟುವುದಿಲ್ಲ, ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಉಡುಪಿ, ಮಂಗಳೂರು ಕಡೆಯ ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಅಂಗಡಿಯಲ್ಲಿ ‘ವಾಟರ್‌ಪ್ರೂಫ್ ಸ್ಟಿಕರ್ ಕೊಡಿ’ ಎಂದು ಹೇಳಿ ತಂದವರೇ ಆಗಿರುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ. ವಾಟರ್‌ಪ್ರೂಫ್ ಎಂದರೆ ಹಾಳೆ ನೀರಿಗೆ ನೆನೆದು ಹರಿಯುವುದಿಲ್ಲ ಎಂದಷ್ಟೇ ಅರ್ಥ. ಅಂಟು ಬಿಡುವುದಿಲ್ಲವೆಂದಾಗಲಿ, ಅಕ್ಷರ ಮಾಸುವುದಿಲ್ಲವೆಂದಾಗಲಿ ಆ ಮಾತಿನಲ್ಲಿ ಎಲ್ಲಿಯೂ ಇಲ್ಲ.

ಲೇಬಲ್ ಒಂದೇ ವಸ್ತುವಿನಂತೆ ಕಂಡರೂ ಅದರಲ್ಲಿ ಮೂರು ವಸ್ತುಗಳಿವೆ: ಮೇಲಿನ ಹಾಳೆ, ಹಿಂಬದಿಯ ಅಂಟು, ಹಾಳೆಯ ಮೇಲಿನ ಶಾಯಿ. ಮೂರೂ ಬೇರೆ ಬೇರೆ ಕಾರಣಕ್ಕೆ ಕೆಡುತ್ತವೆ. ಯಾವುದು ಮೊದಲು ಕೆಡುತ್ತದೋ ಅಂದಿಗೆ ಲೇಬಲಿನ ಆಯುಷ್ಯ ಮುಗಿಯಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುವ ಊರುಗಳಲ್ಲಿ ಎಲ್ಲರೂ ಮಳೆಯನ್ನೇ ದೂರುವುದು ಸಹಜ. ಆದರೆ ನಾನು ಕಂಡಂತೆ ಮಳೆ ಮಾಡುವುದು ಕೊನೆಯ ಕೆಲಸವನ್ನು ಮಾತ್ರ. ಫೆಬ್ರುವರಿಯಿಂದ ಮೇ ತನಕದ ಬಿಸಿಲು ಹಾಳೆಯನ್ನು ಪೆಡಸಾಗಿಸಿ, ಕುಗ್ಗಿಸಿ, ಅಂಚನ್ನು ಕೂದಲೆಳೆಯಷ್ಟು ಎಬ್ಬಿಸಿ ಇಟ್ಟಿರುತ್ತದೆ. ಜೂನ್‌ನಲ್ಲಿ ಆ ಸಂದಿನೊಳಗೆ ನೀರು ಇಳಿಯುತ್ತದೆ. ಹೀಗಾಗಿ ‘ನೀರಿಗೆ ತಡೆಯುತ್ತದೆಯೇ’ ಎಂದು ಕೇಳುವುದಕ್ಕಿಂತ ಮೊದಲು ‘ಬಿಸಿಲಿಗೆ ಎಷ್ಟು ಕಾಲ ತಡೆಯುತ್ತದೆ, ಯಾವ ಮೈಗೆ ಅಂಟುತ್ತದೆ’ ಎಂದು ಕೇಳಬೇಕು. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸುವುದು ಒಳ್ಳೆಯದು. ಅಂಗಡಿಗೆ ಹೋಗುವ ಸರದಿ ಬರುವುದು ಮೂರನೆಯ ಹಂತದ ನಂತರವೇ.

1. ಜಾಗವನ್ನೂ ಅವಧಿಯನ್ನೂ ಬರೆದುಕೊಳ್ಳಿ

ಲೇಬಲ್ ಇರುವ ಜಾಗಕ್ಕೆ ನೇರ ಬಿಸಿಲು ಬೀಳುತ್ತದೆಯೇ, ಸೂರಿನ ಕೆಳಗಿದೆಯೇ, ನೆಟ್ಟಗೆ ನಿಂತ ಮೈಯೇ ಅಥವಾ ಟ್ಯಾಂಕಿನ ಮುಚ್ಚಳದಂತೆ ಆಕಾಶ ನೋಡುವ ಮೈಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡೀಸೆಲ್ ತಾಗುತ್ತದೆಯೇ, ಔಷಧಿ ಸಿಂಪಡಣೆಯ ಹನಿ ಬೀಳುತ್ತದೆಯೇ, ದಿನವೂ ತೊಳೆಯುವ ವಸ್ತುವೇ ಎಂಬುದೂ ಅದರಲ್ಲಿರಲಿ. ಎಷ್ಟು ಕಾಲ ಉಳಿಯಬೇಕು ಎಂಬುದು ಕೊನೆಯ ಸಾಲು. ಒಂದೇ ವರ್ಷ ಸಾಕಾಗುವಲ್ಲಿ ಹತ್ತು ವರ್ಷದ ಸರಕಿಗೆ ಹಣ ಹಾಕುವುದು ವ್ಯರ್ಥ. ತಯಾರಕರು ಹೇಳುವ ‘ಐದು ವರ್ಷ’, ‘ಏಳು ವರ್ಷ’ ಎಂಬ ಲೆಕ್ಕಗಳು ಸಾಮಾನ್ಯವಾಗಿ ನೆಟ್ಟಗೆ ನಿಂತ ಮೈಗೆ, ಅದೂ ನಮ್ಮದಕ್ಕಿಂತ ತಂಪಾದ ಹವೆಗೆ ಅನ್ವಯಿಸುವಂಥವು ಎಂಬುದನ್ನು ಮರೆಯಬೇಡಿ. ಆಕಾಶ ನೋಡುವ ಮೈಗಾದರೆ ಅದರ ಅರ್ಧವನ್ನು ನಂಬಿದರೆ ಸಾಕು.

2. ಅಂಟಿಸಬೇಕಾದ ಮೈಯನ್ನು ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಬಂದ ದೂರುಗಳಲ್ಲಿ ಬಹಳಷ್ಟು ಇಲ್ಲಿಯೇ ಹುಟ್ಟಿದವು. ಎಲ್ಲ ಮೈಯೂ ಅಂಟನ್ನು ಒಂದೇ ರೀತಿಯಲ್ಲಿ ಹಿಡಿಯುವುದಿಲ್ಲ. ಗಾಜು, ಉಕ್ಕು, ಚೆನ್ನಾಗಿ ಬಣ್ಣ ಬಳಿದ ತಗಡು ಇವು ಅಂಟನ್ನು ಗಟ್ಟಿಯಾಗಿ ಹಿಡಿಯುತ್ತವೆ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಎಂಬ ಎರಡು ಪ್ಲಾಸ್ಟಿಕ್‌ಗಳು ಹಿಡಿಯುವುದಿಲ್ಲ. ಸಂಕಟವೆಂದರೆ, ತಾರಸಿಯ ಟ್ಯಾಂಕು, ಮೀನಿನ ಕ್ರೇಟು, ಕ್ಯಾನು, ಡ್ರಮ್ಮು, ಬಕೆಟ್ಟು ಎಲ್ಲವೂ ಬಹುತೇಕ ಇವೆರಡರಿಂದಲೇ ಆದವು. ವಸ್ತುವಿನ ಅಡಿಯಲ್ಲಿ ಬಾಣಗಳ ತ್ರಿಕೋನದೊಳಗೆ 2, 4 ಅಥವಾ 5 ಎಂಬ ಅಂಕಿ ಇದ್ದರೆ ಅದು ಈ ಗುಂಪಿನದು ಎಂದು ತಿಳಿಯಿರಿ.

ಅಂಕಿ ಕಾಣದಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಮೈಯನ್ನು ಸೋಪಿನಿಂದ ತೊಳೆದು, ಸೋಪು ಚೂರೂ ಉಳಿಯದಂತೆ ಜಾಲಿಸಿ, ಒಣಗಿಸಿ, ಅದರ ಮೇಲೆ ಬೆರಳಿನಿಂದ ನಾಲ್ಕು ಹನಿ ನೀರು ಬಿಡಿ. ನೀರು ತೆಳ್ಳಗೆ ಹರಡಿದರೆ ಸಾಧಾರಣ ಅಂಟು ಸಾಕು. ಕೆಸುವಿನ ಎಲೆಯ ಮೇಲಿನ ಹನಿಯನ್ನು ನೆನಪಿಸುವಂತೆ ಗುಂಡಾಗಿ ನಿಂತರೆ ವಿಶೇಷ ಅಂಟು ಬೇಕು. ನೀರನ್ನು ಹತ್ತಿರ ಬಿಟ್ಟುಕೊಳ್ಳದ ಮೈ ಅಂಟನ್ನೂ ಬಿಟ್ಟುಕೊಳ್ಳುವುದಿಲ್ಲ.

ಕೆಂಪು ಕಲ್ಲಿನ ಗೋಡೆ, ಸುಣ್ಣ ಬಳಿದ ಗೋಡೆ, ಹಂಚು, ಮರದ ತೊಗಟೆ ಇವುಗಳಿಗೆ ಯಾವ ಸ್ಟಿಕರನ್ನೂ ಅಂಟಿಸಲು ಹೋಗಬೇಡಿ. ಅಂಟು ಹಿಡಿಯುವುದು ಸುಣ್ಣದ ಹುಡಿಯನ್ನೇ ಹೊರತು ಗೋಡೆಯನ್ನಲ್ಲ. ಅಂಥಲ್ಲಿ ಲೇಬಲನ್ನು ಒಂದು ತಗಡಿಗೆ ಅಂಟಿಸಿ, ತಗಡನ್ನು ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸುವುದೇ ದಾರಿ.

3. ಹಾಳೆಯನ್ನು ಆರಿಸಿ

ಕಾಗದದ ಮಾತನ್ನು ಇಲ್ಲಿಗೇ ಬಿಡೋಣ. ಲ್ಯಾಮಿನೇಶನ್ ಮಾಡಿದ ಕಾಗದದ ವಿಚಾರ ಆರನೆಯ ಹಂತದಲ್ಲಿ ಬರುತ್ತದೆ. ಉಳಿದವು ಪ್ಲಾಸ್ಟಿಕ್ ಹಾಳೆಗಳು.

ಪಾಲಿಪ್ರೊಪಿಲೀನ್ ಹಾಳೆ ಅಗ್ಗ, ನೀರಿಗೆ ಜಗ್ಗುವುದಿಲ್ಲ, ನೋಡಲು ಚಂದ. ಉಪ್ಪಿನಕಾಯಿಯ ಬಾಟಲಿಗೆ, ಒಳಾಂಗಣದ ಡಬ್ಬಗಳಿಗೆ ಅದು ಸರಿ. ಬಿಸಿಲಿಗೆ ತಡೆಯುವಂತೆ ವಿಶೇಷವಾಗಿ ತಯಾರಿಸಿದ್ದಲ್ಲದಿದ್ದರೆ ಹೊರಗಡೆ ಅದು ಕ್ರಮೇಣ ಹಪ್ಪಳದ ಹಾಗೆ ಪುಡಿಯಾಗುತ್ತದೆ. ವಾಟರ್‌ಪ್ರೂಫ್ ಎಂದು ಅಂಗಡಿಯಲ್ಲಿ ಕೈಗೆ ಕೊಡುವುದು ಹೆಚ್ಚಾಗಿ ಇದನ್ನೇ.

ವಿನೈಲ್ ಎಂದು ಕರೆಯುವ ಪಿವಿಸಿ ಹಾಳೆ ಬಾಗುತ್ತದೆ, ದುಂಡಗಿನ ಟ್ಯಾಂಕಿಗೂ ಪೈಪಿಗೂ ಒಪ್ಪುತ್ತದೆ. ಇದರಲ್ಲಿ ಎರಡು ಬಗೆ. ರೋಲರುಗಳ ನಡುವೆ ಒತ್ತಿ ಎಳೆದು ಮಾಡಿದ್ದು ಕ್ಯಾಲೆಂಡರ್ಡ್ ವಿನೈಲ್; ದ್ರವವನ್ನು ಹರಡಿ ಒಣಗಿಸಿ ಮಾಡಿದ್ದು ಕಾಸ್ಟ್ ವಿನೈಲ್. ಒತ್ತಿ ಎಳೆದ ಹಾಳೆ ಬಿಸಿಲಿನಲ್ಲಿ ತನ್ನ ಮೊದಲಿನ ಅಳತೆಗೆ ಮರಳಲು ಹವಣಿಸಿ ಕುಗ್ಗುತ್ತದೆ. ಹಳೆಯ ಸ್ಟಿಕರಿನ ಸುತ್ತ ಧೂಳು ಮೆತ್ತಿದ ಅಂಟಿನ ಕಪ್ಪು ಚೌಕಟ್ಟನ್ನು ನೀವು ಕಂಡಿರಬಹುದು. ಅದು ಹಾಳೆ ಕುಗ್ಗಿದ ಗುರುತು. ಕಾಸ್ಟ್ ವಿನೈಲ್ ದುಬಾರಿಯಾದರೂ ಹೀಗೆ ಕುಗ್ಗುವುದು ಬಹಳ ಕಡಿಮೆ. ಸಾಧಾರಣ ಕ್ಯಾಲೆಂಡರ್ಡ್ ವಿನೈಲಿಗೆ ತಯಾರಕರೇ ಎರಡು ಮೂರು ವರ್ಷ ಹೇಳಿದರೆ, ಒಳ್ಳೆಯ ಕಾಸ್ಟ್ ವಿನೈಲಿಗೆ ಏಳರಿಂದ ಹತ್ತು ವರ್ಷ ಹೇಳುತ್ತಾರೆ.

ಪಾಲಿಯೆಸ್ಟರ್ ತೆಳ್ಳಗಿನ, ಎಳೆದರೆ ಹಿಗ್ಗದ, ಶಾಖಕ್ಕೂ ಎಣ್ಣೆಗೂ ಜಗ್ಗದ ಹಾಳೆ. ಮೋಟಾರು, ಜನರೇಟರ್, ಸ್ಟಾರ್ಟರ್ ಪೆಟ್ಟಿಗೆಗಳ ಮೇಲೆ ಕಂಪನಿಯವರು ಅಂಟಿಸಿ ಕಳುಹಿಸುವ ಬೆಳ್ಳಿಬಣ್ಣದ ಲೇಬಲ್ ಸಾಮಾನ್ಯವಾಗಿ ಇದರದ್ದೇ. ಸಪಾಟಾದ ಲೋಹದ ಮೈಯಾಗಿದ್ದರೆ ನಾನು ಬೇರೆ ಯೋಚನೆ ಮಾಡದೆ ಪಾಲಿಯೆಸ್ಟರನ್ನೇ ಹೇಳುತ್ತೇನೆ. ಎರಡೂ ದಿಕ್ಕಿಗೆ ಬಾಗಿದ ಮೈಗೆ ಮಾತ್ರ ಇದು ಕೂರುವುದಿಲ್ಲ; ನೆರಿಗೆ ಬೀಳುತ್ತದೆ.

ಪಣಂಬೂರಿನ ನವಮಂಗಳೂರು ಬಂದರಿನ ಮೂಲಕ ರಾಸಾಯನಿಕದ ಡ್ರಮ್ಮುಗಳನ್ನು ಹಡಗಿಗೆ ಕಳುಹಿಸುವವರ ಪ್ರಶ್ನೆ ಬೇರೆಯೇ. ಅಪಾಯಕಾರಿ ಸರಕಿನ ಗುರುತುಗಳು ಸಮುದ್ರದ ನೀರಿನಲ್ಲಿ ಕನಿಷ್ಠ ಮೂರು ತಿಂಗಳು ಮುಳುಗಿದ್ದರೂ ಓದಲು ಬರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಅದಕ್ಕೆ ಬಿಎಸ್ 5609 ಎಂಬ ಬ್ರಿಟಿಷ್ ಮಾನದಂಡವಿದೆ. ಇದರ ಎರಡನೆಯ ವಿಭಾಗ ಖಾಲಿ ಹಾಳೆ ಮತ್ತು ಅಂಟಿಗೆ, ಮೂರನೆಯದು ಮುದ್ರಿತ ಲೇಬಲಿಗೆ ಸಂಬಂಧಿಸಿದ್ದು. ಹಾಳೆ ಪಾಸಾಗಿದೆ ಎಂಬ ಪ್ರಮಾಣಪತ್ರವನ್ನಷ್ಟೇ ನೋಡಿ ಸುಮ್ಮನಾಗಬೇಡಿ. ನೀವು ಬಳಸುವ ಪ್ರಿಂಟರ್ ಮತ್ತು ಶಾಯಿಯೊಂದಿಗೆ ಪಾಸಾಗಿದೆಯೇ ಎಂದು ಕೇಳಿ.

4. ಅಂಟನ್ನು ಹೆಸರು ಹೇಳಿ ಕೇಳಿ

ಲೇಬಲಿನ ಅಂಟುಗಳಲ್ಲಿ ಮುಖ್ಯವಾದವು ಎರಡು. ರಬ್ಬರ್ ಅಂಟು ಮುಟ್ಟಿದ ಕೂಡಲೇ ಬಿಗಿಯಾಗಿ ಹಿಡಿಯುತ್ತದೆ, ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಆದರೆ ಬಿಸಿಲಿಗೆ ಹಳದಿಗಟ್ಟಿ, ಒಣಗಿ ಬಿಟ್ಟುಕೊಡುತ್ತದೆ. ಅಕ್ರಿಲಿಕ್ ಅಂಟು ಮೊದಲು ಸಡಿಲವೆನಿಸಿದರೂ 24ರಿಂದ 72 ಗಂಟೆಗಳಲ್ಲಿ ಪೂರ್ತಿ ಬಲ ಪಡೆದು, ಬಿಸಿಲಿನಲ್ಲಿ ವರ್ಷಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಅಂಗಡಿಯಲ್ಲಿ ಬೆರಳು ಒತ್ತಿ ‘ಗಮ್ ಗಟ್ಟಿ ಉಂಟು’ ಎಂದು ತೀರ್ಮಾನಿಸುವವರು ಈ ಕಾರಣದಿಂದಲೇ ಮೋಸ ಹೋಗುತ್ತಾರೆ. ಬೆರಳಿಗೆ ಗಟ್ಟಿ ಎನಿಸುವುದು ರಬ್ಬರ್ ಅಂಟು. ಹೊರಗಡೆಗೆ ‘ಅಕ್ರಿಲಿಕ್, ಪರ್ಮನೆಂಟ್’ ಎಂದು ಕೇಳಿ; ಎರಡನೆಯ ಹಂತದಲ್ಲಿ ಹನಿ ಗುಂಡಾಗಿ ನಿಂತಿದ್ದರೆ ‘ಎಲ್‌ಎಸ್‌ಇ ಗ್ರೇಡ್’ ಎಂಬುದನ್ನೂ ಸೇರಿಸಿ. ಅಂಟನ್ನು ಸುಲಭವಾಗಿ ಬಿಟ್ಟುಕೊಳ್ಳದ ಪ್ಲಾಸ್ಟಿಕ್ಕಿಗೆಂದೇ ಮಾಡಿದ ಅಂಟಿಗೆ ಈ ವ್ಯವಹಾರದಲ್ಲಿ ಇರುವ ಹೆಸರು ಅದು.

5. ಅಕ್ಷರ ಉಳಿಯುವಂತೆ ಮುದ್ರಿಸಿ

ಹಾಳೆಯೂ ಅಂಟೂ ಸರಿಯಿದ್ದು ಬರೀ ಬಿಳಿ ಚೌಕ ಮಾತ್ರ ಉಳಿದ ಲೇಬಲುಗಳು ಬೇಕಾದಷ್ಟಿವೆ. ಮೊದಲ ಎಚ್ಚರಿಕೆ: ಬಸ್ ಟಿಕೆಟ್ಟಿನಂತೆ ಶಾಖದಿಂದ ಕಪ್ಪಾಗುವ ಕಾಗದದ ಲೇಬಲನ್ನು ಹೊರಗೆ ಬಳಸಲೇಬೇಡಿ. ಅದರಲ್ಲಿ ಶಾಯಿಯೇ ಇಲ್ಲ. ಕಾಗದದ ಲೇಪನವೇ ಬಿಸಿಗೆ ಬಣ್ಣ ಬದಲಿಸುತ್ತದೆ. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಸಾಕು, ಒಂದೋ ಪೂರ್ತಿ ಕಪ್ಪಾಗುತ್ತದೆ ಇಲ್ಲವೇ ಅಕ್ಷರ ಅಳಿಸಿಹೋಗುತ್ತದೆ.

ಬಾರ್‌ಕೋಡ್ ಪ್ರಿಂಟರ್ ಇರುವವರು ರಿಬ್ಬನ್ ಹಾಕಿ ಮುದ್ರಿಸಬೇಕು. ರಿಬ್ಬನ್ನಿನಲ್ಲಿ ವ್ಯಾಕ್ಸ್, ವ್ಯಾಕ್ಸ್-ರೆಸಿನ್, ರೆಸಿನ್ ಎಂದು ಮೂರು ತರ. ವ್ಯಾಕ್ಸ್ ಎಂದರೆ ಮೇಣ. ಉಗುರಿನಲ್ಲಿ ಗೀರಿದರೆ ಏಳುತ್ತದೆ. ಪಾಲಿಯೆಸ್ಟರ್ ಹಾಳೆಗೆ ರೆಸಿನ್ ರಿಬ್ಬನ್ ಜೋಡಿ. ಡೀಸೆಲ್ ಬಟ್ಟೆಯಲ್ಲಿ ಒರೆಸಿದರೂ ಅಕ್ಷರ ನಿಲ್ಲುತ್ತದೆ. ಇಂಕ್‌ಜೆಟ್ ಪ್ರಿಂಟರಿನವರು ಶಾಯಿ ‘ಡೈ’ ತರದ್ದೇ ‘ಪಿಗ್ಮೆಂಟ್’ ತರದ್ದೇ ಎಂದು ನೋಡಿಕೊಳ್ಳಬೇಕು. ಡೈ ನೀರಿನಲ್ಲಿ ಕರಗಿದ ಬಣ್ಣ, ಪಿಗ್ಮೆಂಟ್ ಕರಗದೆ ತೇಲುವ ನುಣ್ಣನೆಯ ಬಣ್ಣದ ಕಣ. ಬಿಸಿಲಿಗೂ ನೀರಿಗೂ ತಡೆಯುವುದು ಎರಡನೆಯದು. ಝೆರಾಕ್ಸ್ ಅಂಗಡಿಯಲ್ಲಿ ‘ಹರಿಯದ ಹಾಳೆ’ಯ ಮೇಲೆ ಲೇಸರ್ ಪ್ರಿಂಟ್ ತೆಗೆಸಿದರೆ ಟೋನರಿನ ಕಪ್ಪು ಹುಡಿ ಬಿಸಿಲಿಗೆ ಮಾಸುವುದಿಲ್ಲ ನಿಜ, ಆದರೆ ನುಣುಪಾದ ಹಾಳೆಯಿಂದ ಸಿಪ್ಪೆಯಂತೆ ಏಳಬಹುದು. ಮಡಚಿ, ಉಗುರಿನಿಂದ ಉಜ್ಜಿ ನೋಡಿಯೇ ಹಣ ಕೊಡಿ.

ಬಣ್ಣದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಾಲ್ಕು ಬಣ್ಣದ ಮುದ್ರಣದಲ್ಲಿ ಕೆಂಪು ಎಂಬುದು ಗುಲಾಬಿ ಮತ್ತು ಹಳದಿ ಶಾಯಿಗಳ ಬೆರಕೆ. ಬಿಸಿಲಿಗೆ ಮೊದಲು ಸೋಲುವವು ಆ ಎರಡೇ. ಹಾಗಾಗಿ ಟ್ರಾನ್ಸ್‌ಫಾರ್ಮರಿನ ಬೇಲಿಯ ಮೇಲೆ, ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ಮುಖ್ಯವೆಂದು ಕೆಂಪಿನಲ್ಲಿ ಬರೆದ ‘ಅಪಾಯ’ ಎಂಬ ಪದವೇ ಎಲ್ಲಕ್ಕಿಂತ ಮೊದಲು ಮಾಯವಾಗಿ, ಅದರ ಕೆಳಗೆ ಕಪ್ಪಿನಲ್ಲಿದ್ದ ಮುದ್ರಕರ ಫೋನ್ ನಂಬರು ಅಚ್ಚಳಿಯದೆ ಉಳಿದಿರುತ್ತದೆ. ಓದಲೇಬೇಕಾದದ್ದನ್ನು ಬಿಳಿಯ ಮೇಲೆ ಕಪ್ಪಿನಲ್ಲಿ ಬರೆಸಿ. ಕೆಂಪು ಬೇಕೇಬೇಕೆಂದರೆ ಅಂಚಿನ ಪಟ್ಟಿಗೆ ಇರಲಿ. ಕ್ಯೂಆರ್ ಕೋಡಿಗೂ ಇದೇ ನಿಯಮ.

6. ಮೇಲ್ಪದರದ ವಿಚಾರ

ಮುದ್ರಣದ ಮೇಲೆ ಯುವಿ ತಡೆಯುವ ಪಾರದರ್ಶಕ ಲ್ಯಾಮಿನೇಶನ್ ಹಾಕಿಸಿದರೆ ಅಕ್ಷರದ ಆಯುಷ್ಯ ಹೆಚ್ಚುತ್ತದೆ. ಯುವಿ ಎಂದರೆ ಬಿಸಿಲಿನಲ್ಲಿರುವ, ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಕೆಡಿಸುವ ಕಣ್ಣಿಗೆ ಕಾಣದ ಕಿರಣ. ವಿನೈಲ್ ಹಾಳೆಗೆ ವಿನೈಲ್ ಮೇಲ್ಪದರ, ಪಾಲಿಯೆಸ್ಟರಿಗೆ ಪಾಲಿಯೆಸ್ಟರ್ ಮೇಲ್ಪದರ ಇರಲಿ. ಬೇರೆ ಬೇರೆಯಾದರೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗದೆ ಅಂಚು ಸುರುಳಿಯಾಗುತ್ತದೆ. ಮನೆಯಲ್ಲಿರುವ ಪ್ಯಾಕಿಂಗ್ ಟೇಪನ್ನು ಲೇಬಲಿನ ಮೇಲೆ ಎಳೆಯುವುದು ಬಹಳ ಮಂದಿಯ ಅಭ್ಯಾಸ. ಆ ಟೇಪು ಹೊರಾಂಗಣಕ್ಕೆ ಮಾಡಿದ್ದಲ್ಲ. ಬಿಸಿಲಿಗೆ ಹಳದಿಯಾಗಿ ಸೀಳುತ್ತದೆ, ಸೀಳಿದಲ್ಲಿ ಹೋದ ನೀರು ಹೊರಗೆ ಬಾರದೆ ಒಳಗೇ ಬೂಷ್ಟು ಕಟ್ಟುತ್ತದೆ.

ಐಡಿ ಕಾರ್ಡಿನಂತೆ ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ನೇತುಹಾಕುವವರು ಕಾಗದದ ಸುತ್ತ ಕನಿಷ್ಠ 5 ಮಿಲಿಮೀಟರ್ ಬರಿಯ ಪ್ಲಾಸ್ಟಿಕ್ಕನ್ನು ಬಿಡಿಸಿ, ತೂತನ್ನು ಆ ಅಂಚಿನಲ್ಲಿಯೇ ಹೊಡೆಸಿ. ತೂತಿನ ಬದಿಗೆ ಅಂಚು ಇನ್ನೂ ಅಗಲವಿದ್ದರೆ ಒಳ್ಳೆಯದು. ಕಾಗದದ ಮೇಲೆಯೇ ತೂತು ಹೊಡೆದರೆ ಅದು ದೀಪದ ಬತ್ತಿಯ ಹಾಗೆ ನೀರನ್ನು ಹೀರಿಕೊಳ್ಳುತ್ತದೆ.

7. ರಾಶಿ ತರುವ ಮೊದಲು ಹತ್ತು ತಂದು ನೋಡಿ

ಹತ್ತು ಲೇಬಲುಗಳನ್ನು ನಿಜವಾದ ಮೈಗೇ ಅಂಟಿಸಿ ಮೂರು ದಿನ ಬಿಡಿ. ಅನಂತರ ಲೀಟರಿಗೆ 35 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ, ಎಂದರೆ ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪಾದ ನೀರಿನಲ್ಲಿ, ಒಂದು ವಾರ ಮುಳುಗಿಸಿಟ್ಟು ಮೂಲೆಯನ್ನು ಉಗುರಿನಿಂದ ಎಬ್ಬಿಸಲು ನೋಡಿ. ಬಣ್ಣದ ಪರೀಕ್ಷೆಗೆ ಇನ್ನೊಂದು ಲೇಬಲಿನ ಅರ್ಧ ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಏಪ್ರಿಲಿನ ಬಿಸಿಲಿನಲ್ಲಿ ತಾರಸಿಯ ಮೇಲೆ ಒಂದು ತಿಂಗಳು ಇಡಿ. ಫಾಯಿಲ್ ತೆಗೆದಾಗ ಎರಡು ಅರ್ಧಗಳ ನಡುವೆ ಗೆರೆ ಎದ್ದು ಕಂಡರೆ ಆ ಶಾಯಿಯ ಆಸೆ ಬಿಡಿ.

8. ಅಂಟಿಸುವ ದಿನ

ಒಳ್ಳೆಯ ಲೇಬಲನ್ನು ಕೆಟ್ಟದಾಗಿ ಅಂಟಿಸಿ ಹಾಳುಮಾಡುವುದು ಸುಲಭ. ನಮ್ಮ ಕಡೆಯಲ್ಲಿ ಪತ್ತನಾಜೆಗೆ, ಎಂದರೆ ಮೇ 24ರ ಸುಮಾರಿಗೆ, ಬಹಳ ಮೊದಲೇ ಈ ಕೆಲಸ ಮುಗಿಯಬೇಕು. ಆಟಿ ತಿಂಗಳ, ಎಂದರೆ ಜುಲೈ-ಆಗಸ್ಟಿನ, ಜಡಿಮಳೆಯಲ್ಲಿ ಒಣಗಿದಂತೆ ಕಾಣುವ ಮೈಯ ಮೇಲೂ ತೇವದ ಪದರ ಇರುತ್ತದೆ.

ಶುಚಿ ಮಾಡುವ ಕ್ರಮದಲ್ಲಿ ಕರಾವಳಿಯವರು ಒಂದು ಹೆಜ್ಜೆ ಹೆಚ್ಚು ಇಡಬೇಕು. ಸಮುದ್ರದ ಗಾಳಿಗೆ ಒಡ್ಡಿದ ಎಲ್ಲ ವಸ್ತುವಿನ ಮೇಲೂ ಕಣ್ಣಿಗೆ ಕಾಣದ ಉಪ್ಪು ಕೂತಿರುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗಿ ನೀರೆಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಡಬ್ಬದೊಳಗಿನ ಉಪ್ಪು ಒದ್ದೆಯಾಗುವುದು ಇದರಿಂದಲೇ. ಲೇಬಲಿನ ಕೆಳಗೆ ಉಪ್ಪು ಸಿಕ್ಕಿಕೊಂಡರೆ ಮಳೆಯೇ ಬಾರದಿದ್ದರೂ ಅಂಟಿನ ಅಡಿಯಲ್ಲಿ ನೀರು ಸೇರುತ್ತದೆ. ಎಲ್ಲ ಕೈಪಿಡಿಗಳೂ ಸ್ಪಿರಿಟಿನಲ್ಲಿ ಒರೆಸಿ ಎನ್ನುತ್ತವೆ, ಆದರೆ ಉಪ್ಪು ಸ್ಪಿರಿಟಿನಲ್ಲಿ ಕರಗುವುದಿಲ್ಲ. ಆ ಬಟ್ಟೆ ಅದನ್ನು ಮೈತುಂಬ ಸವರುತ್ತದೆ ಅಷ್ಟೆ. ಆದ್ದರಿಂದ ಮೊದಲು ಸೋಪು ಮತ್ತು ಸಿಹಿನೀರಿನಿಂದ ಎರಡು ಸಲ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆಯಂಶ ಹೋಗುವಂತೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಕಡಲಿಗೆ ಹತ್ತಿರದ ಮನೆಗಳಲ್ಲಿ ಬಾವಿಯ ನೀರೇ ಉಪ್ಪಾಗಿರುವುದುಂಟು; ಅಂಥಲ್ಲಿ ಕುಡಿಯಲು ತಂದ ನೀರನ್ನೇ ಬಳಸಿ. ಪ್ಲಾಸ್ಟಿಕ್ಕಿಗೆ ಥಿನ್ನರ್ ಬೇಡ, ಮೈ ಮಂಕಾಗುತ್ತದೆ.

ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ, ಇಬ್ಬನಿ ಆರಿದ ಮೇಲೆ, ಮೈ ಸುಡುವಷ್ಟು ಕಾಯುವ ಮುಂಚೆ ಅಂಟಿಸಿ. ಲೇಬಲಿನ ಅಂಟನ್ನು ಬೆರಳಿನಿಂದ ಮುಟ್ಟಬೇಡಿ. ಒಂದು ಅಂಚನ್ನು ಕೂರಿಸಿ, ಹಿಂಬದಿಯ ಮೇಣಕಾಗದವನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ, ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಸ್ಕೇಲಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಿ. ಈ ಅಂಟು ಕೆಲಸ ಮಾಡುವುದೇ ಒತ್ತಡದಿಂದ. ಅಂಗೈಯಿಂದ ಒಮ್ಮೆ ಸವರಿದರೆ ಸಾಲದು. ಚೂಪಾದ ಮೂಲೆಗಳೇ ಮೊದಲು ಏಳುವುದರಿಂದ ಮೂಲೆಗಳನ್ನು ದುಂಡಗೆ ಕತ್ತರಿಸಿಕೊಳ್ಳಿ. ನಂತರ ಮೂರು ದಿನ ತೊಳೆಯುವುದು, ತಿಕ್ಕುವುದು ಬೇಡ.

9. ಅಂಟು ಬೇಡದ ಕಡೆ ಬಿಲ್ಲೆ ಕಟ್ಟಿ

ಗಿಡಗಳಿಗೆ, ಹಗ್ಗಗಳಿಗೆ, ಒರಟು ಮೈಗಳಿಗೆ ಸ್ಟಿಕರ್ ಸಲ್ಲದು. ನಾನೇ ಒಮ್ಮೆ ಕಸಿ ಮಾವಿನ ಗಿಡಗಳಿಗೆ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ತಳಿಯ ಹೆಸರು ಬರೆದು ಕಟ್ಟಿದ್ದೆ. ದೀಪಾವಳಿಗೆ ಬರೆದದ್ದು ಏಪ್ರಿಲ್ ನಡುವಿನ ಬಿಸು ಹಬ್ಬದ ಹೊತ್ತಿಗೆ ಬೆಳ್ಳಗಾಗಿತ್ತು. ಮಾರ್ಕರಿನ ‘ಪರ್ಮನೆಂಟ್’ ನೀರಿಗೆ ಸಂಬಂಧಿಸಿದ್ದು, ಬಿಸಿಲಿಗಲ್ಲ. ಅದಕ್ಕಿಂತ ಶಾಲೆಯ ಮಕ್ಕಳ ಪೆನ್ಸಿಲ್ ಮೇಲು. ಪೆನ್ಸಿಲಿನ ಗ್ರಾಫೈಟ್ ಬಿಸಿಲಿಗೆ ಮಾಸುವುದಿಲ್ಲ. ತುಸು ಒರಟಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅದರಲ್ಲಿ ಬರೆದದ್ದನ್ನು ಯಾರಾದರೂ ಉಜ್ಜಿದರೆ ಮಾತ್ರ ಹೋಗುತ್ತದೆ.

ಇನ್ನೂ ಗಟ್ಟಿಯಾದದ್ದು ಬೇಕೆಂದರೆ ತೆಳು ಅಲ್ಯೂಮಿನಿಯಂ ತಗಡನ್ನು ಬೆರಳುದ್ದದ ಪಟ್ಟಿಗಳಾಗಿ ಕತ್ತರಿಸಿ, ಅಂಚಿನ ಚೂಪನ್ನು ಉಜ್ಜಿ ತೆಗೆದು, ದಪ್ಪ ರಟ್ಟಿನ ಮೇಲಿಟ್ಟು ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆಯಿರಿ. ಅಕ್ಷರ ತಗಡಿನಲ್ಲಿಯೇ ಕುಳಿಯಾಗಿ ಮೂಡುತ್ತದೆ. ಮಾಸಲು ಅಲ್ಲಿ ಶಾಯಿಯೇ ಇರುವುದಿಲ್ಲ. ಪಾಚಿ ಮುಚ್ಚಿದರೂ ಹೆಬ್ಬೆರಳಿನಲ್ಲಿ ಒರೆಸಿ ಓದಬಹುದು. ಅಡಿಕೆ ತೋಟದಲ್ಲಿ ಮಾತ್ರ ಇದಕ್ಕೊಂದು ತೊಡಕಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವೂ ಸುಣ್ಣವೂ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ, ತಗಡು ಚುಕ್ಕೆಚುಕ್ಕೆಯಾಗಿ ತಿನ್ನಿಹೋಗುತ್ತದೆ. ಅಲ್ಲಿ ಪ್ಲಾಸ್ಟಿಕ್ ಪಟ್ಟಿ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆ ಲೇಸು. ಸ್ಟೀಲಿನಲ್ಲಿಯೂ ಕಡಲ ತಡಿಗೆ 316 ಎಂಬ ದರ್ಜೆಯನ್ನೇ ಕೇಳಿ. ಪಾತ್ರೆಗಳಿಗೆ ಬಳಸುವ 304 ಉಪ್ಪುಗಾಳಿಗೆ ಚಹದ ಕಲೆಯಂತೆ ಕಂದಾಗುತ್ತದೆ.

ಬಿಲ್ಲೆ ಗಟ್ಟಿಯಿದ್ದು ಅದನ್ನು ಕಟ್ಟಿದ ದಾರವೇ ಹೋದರೆ ಶ್ರಮವೆಲ್ಲ ಮಣ್ಣುಪಾಲು. ಕೇಬಲ್ ಟೈ ಬಳಸುವುದಾದರೆ ಬಿಳಿಯದು ಬೇಡ, ಹೊರಾಂಗಣಕ್ಕೆಂದು ಮಾಡಿದ ಕಪ್ಪನ್ನು ಕೊಳ್ಳಿ. ಅದಕ್ಕೆ ಬೆರೆಸಿದ ಇಂಗಾಲದ ಹುಡಿ ಬಿಸಿಲನ್ನು ತಡೆಯುತ್ತದೆ. ಅಲ್ಯೂಮಿನಿಯಂ ಬಿಲ್ಲೆಗೆ ತಾಮ್ರದ ತಂತಿ ಸುತ್ತಬೇಡಿ. ಎರಡು ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಗಿಡಕ್ಕೆ ಕಟ್ಟುವಾಗ ಕುಣಿಕೆಯೊಳಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಬಿಡಿ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಂದು ಸುತ್ತು ಹೋಗಿ, ದಪ್ಪಗಾದ ಗಿಡಗಳ ಕುಣಿಕೆ ಬಿಚ್ಚಿ ದೊಡ್ಡದು ಮಾಡಿ. ಹಾಗೆ ಬಿಟ್ಟರೆ ಟೈ ತೊಗಟೆಯೊಳಗೆ ಹೂತು, ಹೆಸರು ಉಳಿದು ಗಿಡ ಸೊರಗುತ್ತದೆ.